ನಡುಗಿದ ಕಟ್ಟಡ, ನಡುಗದ ಕುರ್ಚಿ

ಲೋಕದಲ್ಲಿ ನೆಲಕ್ಕಾಗಿ ಯುದ್ಧ ನಡೆದಿದೆ, ನೀರಿಗಾಗಿ ನಡೆದಿದೆ. ಆದರೆ ಒಂದು ಕಟ್ಟಡದ ಅಷ್ಟೂ ಸಂಸಾರಗಳು ಹಾಸಿಗೆ ಸುತ್ತಿಕೊಂಡು ಬೀದಿಗೆ ಬೀಳುವ ಹಂತ ಮುಟ್ಟಿದ್ದು ಒಬ್ಬ ಷಡ್ಡಕ ಕಾಲ ಮೇಲೆ ಕಾಲು ಹಾಕಿಕೊಂಡು ಆಡಿದ ಎರಡು ಪದಗಳಿಂದ ಎಂದರೆ ನಂಬುವುದು ಕಷ್ಟ. ಷಡ್ಡಕನನ್ನು ಪಡೆದವರು ಮಾತ್ರ ತಕ್ಷಣ ನಂಬುತ್ತಾರೆ.

ಆ ಎರಡು ಪದ: "ಬೇಸ್ ಇಲ್ಲ."

ಅವು ಬಿದ್ದದ್ದು ತೂಕದಣ್ಣನ ಕಿವಿಗೆ. ಊರ ಹೊರಗಿನ ವೇಬ್ರಿಡ್ಜಿನಲ್ಲಿ ಲಾರಿಗಳನ್ನು ತೂಗುವುದು ಅವನ ಉದ್ಯೋಗ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಬಿಟ್ಟರೆ ಬೇರೆ ಯಾವತ್ತೂ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಕಲ್ಲು, ಮರಳು, ಕಬ್ಬಿಣ, ಹತ್ತಿ, ಏನೇ ಬರಲಿ, ಕಿಟಕಿಯಲ್ಲಿ ಕೂತು ಲಾರಿಯ ಟೈರು ಕುಗ್ಗಿದ್ದನ್ನು ನೋಡಿಯೇ ಭಾರ ಹೇಳಬಲ್ಲೆ ಎನ್ನುವ ಮನುಷ್ಯ. ಹೇಳಿದ್ದು ಸಾಮಾನ್ಯವಾಗಿ ತಪ್ಪಾಗುತ್ತಿತ್ತು. ಆದರೆ ಹೇಳುವ ಗತ್ತಿಗೆ ಮಿಷನ್ನೇ ಒಂದು ಕ್ಷಣ ತಡವರಿಸುತ್ತಿತ್ತು.

ಅಂಥವನು ಮನೆಗೆ ಹೊಸ ಸ್ಟೀರಿಯೋ ತಂದು, ಹೆಂಡತಿಯ ತಂಗಿಯ ಗಂಡನನ್ನು ಕರೆದು, ಕೂರಿಸಿ, ಹಾಡು ಹಾಕಿದ್ದ.

"ಅಣ್ಣ, ಹಾಡೇನೋ ಕೇಳುತ್ತೆ," ಎಂದ ಷಡ್ಡಕ, ವೈದ್ಯರು ಕೈಲಾಗದ ರೋಗಿಯ ಮನೆಯವರ ಹತ್ತಿರ ಮಾತಾಡುವ ದನಿಯಲ್ಲಿ. "ಆದ್ರೆ ಬೇಸ್ ಇಲ್ಲ."

"ಇಷ್ಟು ಜೋರಾಗಿದೆಯಲ್ಲಪ್ಪ!"

"ಜೋರು ಬೇರೆ, ಬೇಸ್ ಬೇರೆ ಅಣ್ಣ. ಜೋರು ಅಂದ್ರೆ ನಮ್ಮತ್ತೆ. ಬೇಸ್ ಅಂದ್ರೆ ನಮ್ಮ ಮಾವ. ಬಾಯಿ ಬಿಟ್ಟಿದ್ದು ಕಾಣಲ್ಲ, ಮನೆ ನಡುಗುತ್ತೆ. ನಿಮ್ದು ಸ್ವಲ್ಪ... ಹಗುರ."

ಹಗುರ! ಲಾರಿ ತೂಗುವವನಿಗೆ ಇದಕ್ಕಿಂತ ದೊಡ್ಡ ಬೈಗುಳ ಯಾವ ಭಾಷೆಯಲ್ಲೂ ಇಲ್ಲ. ಒಳಗೆ ಹೊಲಿಗೆ ಮಿಷನ್ ಮುಂದಿದ್ದ ಹೆಂಡತಿ ದಾರ ಕಡಿಯುತ್ತಲೇ, "ನಿಮ್ಮನೆ ಸೆಟ್ಟಿಗೆ ಬೇಸ್ ಇದೆಯಲ್ಲ, ಅದು ಇನ್ನೂ ನಿಮ್ಮನೇಲೇ ಇದೆಯಾ, ಪಕ್ಕದವರು ಬಂದು ವಾಪಸ್ ತಗೊಂಡ್ ಹೋದ್ರಾ?" ಎಂದಳು. ಷಡ್ಡಕ ಟೀ ಆರುತ್ತೆ ಎಂದು ಲೋಟಕ್ಕೆ ಮುಖ ಹಾಕಿದ. ಆದರೆ ಬಾಣ ಆಗಲೇ ನಾಟಿತ್ತು.

ಮರುದಿನ ತೂಕದಣ್ಣ ಹಳೇ ಸಾಮಾನಿನ ರೇಡಿಯೋ ಅಂಗಡಿಯಿಂದ ಬೇಸಿಗೆಂದೇ ಇರುವ ಒಂದು ವೂಫರ್ ಹೊತ್ತು ತಂದ. ಒಬ್ಬ ಮನುಷ್ಯ ಮಂಡಿ ಮಡಚಿ ಕೂತರೆ ಹಿಡಿಸುವಷ್ಟು ದೊಡ್ಡ ಕಪ್ಪು ಮರದ ಪೆಟ್ಟಿಗೆ. ಮುಂದೆ ಪರಾತದಷ್ಟಗಲದ ಬಾಯಿ.

"ಎಲ್ಲಿ ಇಡ್ಲಿ?" ಎಂದು ಅಂಗಡಿಯವನನ್ನು ಕೇಳಿದ್ದ.

"ಮೂಲೆಗೆ ಇಡಿ. ಎರಡು ಗೋಡೆ ಕೂಡೋ ಕಡೆ ಇಟ್ರೆ ಬೇಸ್ ದುಪ್ಪಟ್ಟು. ಬಾಗಿಲು ಕಿಟಕಿ ಹಾಕ್ಕೊಳ್ಳಿ, ಹೊರಗೆ ಸೋರಬಾರ್ದು. ಇನ್ನೊಂದು ಮಾತು, ಬೇಸ್ ಅನ್ನೋದು ಕಿವಿಗೆ ಕೇಳೋದಲ್ಲ, ಎದೆಗೆ ಗುದ್ದೋದು. ಎದೆಗೆ ಗುದ್ದೋ ತನಕ ಬಿಡ್ಬೇಡಿ."

ಪೆಟ್ಟಿಗೆ ಮೂಲೆಗೆ ಹೋಯಿತು. ಇನ್ನು ಕೇಳುವವನು ಎಲ್ಲಿ ಕೂರಬೇಕು? ಇದನ್ನು ಅಂಗಡಿಯವನು ಹೇಳಿರಲಿಲ್ಲ. ಹೇಳುವ ಅಗತ್ಯವೂ ತೂಕದಣ್ಣನಿಗೆ ಕಾಣಲಿಲ್ಲ. ಲಾರಿ ವೇಬ್ರಿಡ್ಜಿನ ನಟ್ಟನಡುವೆ ನಿಂತರೆ ಮಾತ್ರ ಸರಿಯಾದ ತೂಕ ಎಂದು ದಿನಕ್ಕೆಷ್ಟು ಸಲ ಡ್ರೈವರುಗಳಿಗೆ ಕಿರುಚುತ್ತಿದ್ದ ಆತ! ಟೇಪು ಹಿಡಿದು ಗೋಡೆಯಿಂದ ಗೋಡೆಗೆ ಅಳೆದ. ಉದ್ದದಲ್ಲಿ ಅರ್ಧ, ಅಗಲದಲ್ಲಿ ಅರ್ಧ. ಎರಡೂ ಕೂಡುವ ಬಿಂದುವಿಗೆ ಸೀಮೆಸುಣ್ಣದ ಗುರುತು ಹಾಕಿ, ಅದರ ಮೇಲೆ ತನ್ನ ಬೆತ್ತದ ಕುರ್ಚಿ ಇಟ್ಟು, ಕಾಲು ಮೇಲಕ್ಕೆಳೆದುಕೊಂಡು ಚಕ್ಕಳಮಕ್ಕಳ ಹಾಕಿ ಕೂತ.

ಇಲ್ಲಿ ಕತೆಗಾರನಾಗಿ ನಾನು ಒಂದು ಗುಟ್ಟನ್ನು ಬಿಟ್ಟುಕೊಡಲೇಬೇಕು; ಇಲ್ಲವಾದರೆ ಮುಂದಿನದರ ತಲೆಬುಡ ತಿಳಿಯುವುದಿಲ್ಲ. ಮೂಲೆಯಿಂದ ಹೊರಟ ಬೇಸಿನ ಅಲೆ ಗೋಡೆಗೆ ಬಡಿದು ಹಿಂದಿರುಗುತ್ತದೆ. ಹೋಗುವುದೂ ಬರುವುದೂ ಕೋಣೆಯ ನಟ್ಟನಡುವೆ ಡಿಕ್ಕಿ ಹೊಡೆದು ಒಂದನ್ನೊಂದು ನುಂಗಿಹಾಕುತ್ತವೆ. ಗೋಡೆ ಪಕ್ಕದಲ್ಲಿ ಬೇಸ್ ಗುಡುಗುತ್ತದೆ, ನಡುವೆ ಸತ್ತು ಬಿದ್ದಿರುತ್ತದೆ. ಅಂದರೆ ಇಡೀ ಮನೆಯಲ್ಲಿ ಬೇಸ್ ಕೇಳಿಸದ ಜಾಗ ಒಂದೇ ಒಂದಿತ್ತು. ತೂಕದಣ್ಣ ಟೇಪು ಹಿಡಿದು, ಹುಡುಕಿ, ಅದರ ಮೇಲೇ ಕೂತಿದ್ದ.

ಹಾಡು ಶುರುವಾಯಿತು. ಎದೆ ಮುಂದೆ ಮಾಡಿ ಗುದ್ದಿಗೆ ಕಾದ. ಗುದ್ದಲಿಲ್ಲ. ಕುರ್ಚಿಯ ಪಕ್ಕದಲ್ಲೇ ಇಟ್ಟುಕೊಂಡಿದ್ದ ಸ್ಟೀರಿಯೋದ ಗುಂಡಿ ತಿರುಗಿಸಿ ಕೂತ. ಗುದ್ದಲಿಲ್ಲ. ಪೂರ್ತಿ ತಿರುಗಿಸಿದ. ಪಕ್ಕದಲ್ಲಿ ನೊಣ ಹಾರಿದ ಹಾಗಾಯಿತು.

ಅವನ ಪಾಳಿ ನಸುಕಿನದು, ಮಧ್ಯಾಹ್ನಕ್ಕೆ ಮನೆಗೆ ಬರುತ್ತಿದ್ದ. ಹೆಂಡತಿ ಟೈಲರ್ ಅಂಗಡಿಯಿಂದ ಬರುವುದು ಸಂಜೆಗೆ. ನಡುವಿನ ಹೊತ್ತೆಲ್ಲ ಬೇಸ್ ಸುಧಾರಣೆಗೆ ಮೀಸಲಾಯಿತು. ಪೆಟ್ಟಿಗೆಯನ್ನು ಇಟ್ಟಿಗೆಗಳ ಮೇಲೆ ಏರಿಸಿದ. ಬಾಯಿಯನ್ನು ಮೂಲೆಗೆ ತಿರುಗಿಸಿದ. ಬೆರಳು ಗಾತ್ರದ ವೈರು ಹಾಕಿಸಿದ. ಕಿಟಕಿಗೆ ರಜಾಯಿ, ಬಾಗಿಲಿನ ಸಂದಿಗೆ ಹಳೇ ಸೀರೆ. ಒಂದೊಂದು ಸುಧಾರಣೆಯಾದಾಗಲೂ ಕುರ್ಚಿಗೆ ಬಂದು ಕೂರುವನು, ಎದೆ ಮುಟ್ಟಿ ನೋಡಿಕೊಳ್ಳುವನು, ನಿಟ್ಟುಸಿರು ಬಿಡುವನು.

ಇಟ್ಟಿಗೆ ಇಟ್ಟ ದಿನ ಕೆಳಗಿನ ಮನೆಯ ರಿಟೈರ್ಡ್ ಹವಾಲ್ದಾರರ ಗೋಡೆಯ ಮೇಲಿನ ಸ್ಟೀಲ್ ತಟ್ಟೆಗಳೆಲ್ಲ ಒಟ್ಟಿಗೆ ಸೆಲ್ಯೂಟ್ ಹೊಡೆದು ಕೆಳಗೆ ಬಿದ್ದವು. ಬಾಯಿ ಮೂಲೆಗೆ ತಿರುಗಿದ ದಿನ ಮೇಲಿನ ಮನೆಯ ನರ್ಸಮ್ಮ, ರಾತ್ರಿ ಡ್ಯೂಟಿ ಮುಗಿಸಿ ಮಲಗಿದ್ದವರು, ಎಚ್ಚರವಾದಾಗ ಮಂಚ ಬಾಗಿಲ ಹತ್ತಿರ ಬಂದಿತ್ತು. ಬಾಗಿಲು ಕಿಟಕಿ ಬಿಗಿದಿದ್ದರಿಂದ ಹಾಡು ಮಾತ್ರ ಯಾರಿಗೂ ಕೇಳಿಸುತ್ತಿರಲಿಲ್ಲ. ಗೋಡೆಯೊಳಗಿಂದ, ನೆಲದೊಳಗಿಂದ ಒಂದು ಹೂಂಕಾರದಂಥ ನಡುಕ ಬರುತ್ತಿತ್ತು, ಅಷ್ಟೇ.

ಹವಾಲ್ದಾರರು ಮೆಟ್ಟಿಲ ಮೇಲೆ ತೂಕದಣ್ಣನನ್ನು ಹಿಡಿದರು.

"ಏನಪ್ಪ, ನಿಮ್ಮನೇಲಿ ಅಲ್ಲಾಡ್ತಾ ಇದೆಯಾ?"

ತೂಕದಣ್ಣನಿಗೆ ತನ್ನ ಗಾಯಕ್ಕೇ ಉಪ್ಪು ಸವರಿದಂತಾಯಿತು. "ಎಲ್ಲಿ ಬಂತು ಹವಾಲ್ದಾರ್ರೇ! ಒಂದು ಚೂರೂ ಇಲ್ಲ. ದಿನಾ ಕಾಯ್ತೀನಿ. ಇವತ್ತಾದ್ರೂ ಅಲ್ಲಾಡುತ್ತೆ, ನಾಳೆ ಆದ್ರೂ ಅಲ್ಲಾಡುತ್ತೆ ಅಂತ."

"ಕಾಯ್ತೀರಾ?" ಹವಾಲ್ದಾರರ ಮೀಸೆ ಎರಡು ದಿಕ್ಕಿಗೆ ಹೋಯಿತು. "ಹೆದರಿಕೆ ಆಗಲ್ವಾ?"

"ಹೆದರಿಕೆ ಯಾಕೆ? ಎದೆಗೆ ಬಂದು ಗುದ್ದಲಿ ಅಂತ ಎದೆ ಕೊಟ್ಟು ಕೂತಿದೀನಿ. ನನ್ನ ಹಣೇಲಿ ಬರೆದಿಲ್ಲ."

ಹವಾಲ್ದಾರರು ಕೆಳಗೆ ಹೋಗಿ, ಇಂಥ ಧೈರ್ಯವನ್ನು ತಾನು ಪೊಲೀಸ್ ಇಲಾಖೆಯಲ್ಲೂ ಕಂಡಿಲ್ಲವೆಂದು ಸಾರಿದರು. ಸಂಜೆಯೊಳಗೆ ಕಟ್ಟಡದ ತುಂಬ ಸುದ್ದಿ: ಇಡೀ ಕಟ್ಟಡ ನಡುಗುತ್ತಿದೆ, ತೂಕದಣ್ಣನ ಮನೆ ಒಂದು ನಡುಗುತ್ತಿಲ್ಲ. ಅಲ್ಲಿ ದೊಡ್ಡ ಕಂಬ ಇರಬೇಕು ಎಂದರು ಒಬ್ಬರು. ತೂಕದ ವಿಷಯ ತಿಳಿದವನು, ನೋಡಿಯೇ ಬಾಡಿಗೆಗೆ ಹಿಡಿದಿದ್ದಾನೆ ಎಂದರು ಇನ್ನೊಬ್ಬರು. ಮಾರನೇ ಮಧ್ಯಾಹ್ನ ಹವಾಲ್ದಾರರು ತಮ್ಮ ಟ್ರಂಕಿನೊಂದಿಗೆ, ನರ್ಸಮ್ಮ ತಮ್ಮ ದಿಂಬಿನೊಂದಿಗೆ, ಉಳಿದವರು ಮಕ್ಕಳು ಮರಿಗಳೊಂದಿಗೆ ತೂಕದಣ್ಣನ ಮನೆಗೆ ಬಂದು ಠಿಕಾಣಿ ಹೂಡಿದರು.

ಬಂದವರ ಮುಂದೆ ಹಾಡು ಹಾಕುವುದು ಹೇಗೆ? ಅದೂ ಬೇಸ್ ಇಲ್ಲದ ಹಾಡು! ಷಡ್ಡಕ ಒಬ್ಬ ಆಡಿದ್ದೇ ಸಾಕು. ಪೆಟ್ಟಿಗೆಯ ಮೇಲೆ ಬೆಡ್‌ಶೀಟು ಹೊದಿಸಿ ಸುಮ್ಮನಾದ. ಸ್ಟೀರಿಯೋ ಆರಿಸಿದ್ದರಿಂದ ಆ ಮಧ್ಯಾಹ್ನ ಏನೂ ನಡುಗಲಿಲ್ಲ.

"ನೋಡಿದ್ರಾ?" ಎಂದರು ಹವಾಲ್ದಾರರು, ತಾನೇ ಕಂಬ ನೆಟ್ಟವರ ಹಾಗೆ. "ನಾನು ಹೇಳ್ಲಿಲ್ವಾ?"

ಎಲ್ಲರೂ ತಂತಮ್ಮ ಮನೆಗೆ ಹೋದ ದಿನ ತೂಕದಣ್ಣ ಹಸಿದವನಂತೆ ಸ್ಟೀರಿಯೋದ ಗುಂಡಿಗೆ ಮುಗಿಬೀಳುವನು, ಕಟ್ಟಡ ನಡುಗುವುದು, ಎಲ್ಲರೂ ಮತ್ತೆ ಇವನ ಮನೆಗೆ ಓಡಿ ಬರುವರು, ಇವನು ಸ್ಟೀರಿಯೋ ಆರಿಸಿ ಬಾಗಿಲು ತೆರೆಯುವನು, ನಡುಕ ನಿಲ್ಲುವುದು. ಅನುಭವ ಇಷ್ಟು ಖಚಿತವಾಗಿ ಒಂದು ಸುಳ್ಳನ್ನು ಸಾಬೀತು ಮಾಡಿದ ಉದಾಹರಣೆ ವಿಜ್ಞಾನದಲ್ಲಿ ವಿರಳ.

ಈ ಸುದ್ದಿ ಕಟ್ಟಡದ ಮಾಲೀಕನ ಕಿವಿಗೆ ಬಿತ್ತು.

ಮಾಲೀಕ ಎಂದರೆ ಯಾರು? ಮೆಟ್ಟಿಲ ಪಕ್ಕದ ಕಂಬಿಯ ಕೈಹಿಡಿ ಸಡಿಲವಾಗಿದೆ ಎಂದು ದೂರು ಕೊಟ್ಟರೆ "ಅದನ್ನ ಹಿಡ್ಕೊಂಡು ಯಾಕೆ ಹತ್ತುತ್ತೀರಿ, ವಯಸ್ಸಾಯ್ತಾ?" ಎಂದವನು. ಸೋರುವ ಟ್ಯಾಂಕಿನ ಬಗ್ಗೆ ಹೇಳಿದರೆ "ನೀರು ಇದೆ ಅಂತಾಯ್ತಲ್ಲ" ಎಂದವನು. ಬಾಡಿಗೆ ಮನೆ ಎಂದರೆ ಅವರ ಗೋಡೆ, ನಮ್ಮ ಮೊಳೆ. ಗೋಡೆ ಬಿದ್ದರೆ ತಪ್ಪು ಮೊಳೆಯದು. ಹಳೇ ಬಾಡಿಗೆದಾರರನ್ನೆಲ್ಲ ಎಬ್ಬಿಸಿ, ಕಟ್ಟಡ ಕೆಡವಿ, ಗಾಜಿನ ಮಳಿಗೆಗಳ ಸಾಲು ಕಟ್ಟಬೇಕೆಂದು ಆ ಮಹಾನುಭಾವ ಬಹಳ ಕಾಲದಿಂದ ಹೊಂಚು ಹಾಕಿದ್ದ. ಕೆಡವಲು ಕಾರಣ ಬೇಕಿತ್ತು. ಈಗ ಬಾಡಿಗೆದಾರರೇ ಓಡಿ ಬಂದು "ಸಾರ್, ಕಟ್ಟಡ ನಡುಗ್ತಿದೆ" ಎನ್ನುತ್ತಿದ್ದಾರೆ! ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ.

ಒಂದು ಬಲ್ಬು ಕೇಳಿದರೆ ವರ್ಷ ಸತಾಯಿಸುತ್ತಿದ್ದವನು ನಗರಸಭೆಯ ಇಂಜಿನಿಯರನ್ನು ತನ್ನ ಕಾರಿನಲ್ಲೇ ಕೂರಿಸಿಕೊಂಡು ಬಂದ. ಜನವೆಲ್ಲ ಅಂಗಳದಲ್ಲಿ ನೆರೆಯಿತು. ಇಂಜಿನಿಯರರು ಹವಾಲ್ದಾರರ ಮನೆಯಲ್ಲಿ ಟೀ ಕಪ್ಪು ಕೈಗೆತ್ತಿಕೊಂಡರು. ಮೇಲೆ, ಇದ್ಯಾವುದರ ಪರಿವೆಯೂ ಇಲ್ಲದ ತೂಕದಣ್ಣ ತನ್ನ ಮನೆ ಖಾಲಿಯಾದದ್ದೇ ಸುದಿನವೆಂದು ವೂಫರಿನ ಎರಡು ವೈರುಗಳನ್ನು ಅದಲುಬದಲು ಮಾಡಿ, ಗುಂಡಿ ಪೂರ್ತಿ ತಿರುಗಿಸಿದ.

ಟೀ ಕಪ್ಪಿನಿಂದ ಸಾಸರಿಗೆ, ಸಾಸರಿನಿಂದ ಪ್ಯಾಂಟಿಗೆ ಇಳಿಯಿತು. ಇಂಜಿನಿಯರರು ಅಂಗಳಕ್ಕೆ ಬಂದು ನಿಂತ ವೇಗವನ್ನು ಅವರ ಇಲಾಖೆ ಹಿಂದೆಂದೂ ಕಂಡಿರಲಿಲ್ಲ.

"ಅಪಾಯ," ಎಂದರು ಏದುಸಿರು ಬಿಡುತ್ತ. "ವಾಸಕ್ಕೆ ಯೋಗ್ಯ ಅಲ್ಲ. ಖಾಲಿ ಮಾಡಿ."

"ಯಾವಾಗ ಸಾರ್?"

"ನನ್ನ ಕೇಳಿದ್ರೆ ಈಗ್ಲೇ. ಕಾನೂನು ಕೇಳಿದ್ರೆ ಈ ತಿಂಗಳ ಕೊನೆ."

ಗೇಟಿಗೆ ನೋಟೀಸು ಅಂಟಿತು. ನರ್ಸಮ್ಮ ಎರಡು ಬೀದಿ ಆಚೆ ಬಾಡಿಗೆ ವಿಚಾರಿಸಿ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟರು. ಹವಾಲ್ದಾರರು ಪಿಂಚಣಿಯನ್ನು ಮನಸ್ಸಿನಲ್ಲೇ ಮಡಚಿ ನೋಡಿದರು. ಅದು ಯಾವ ಮನೆಗೂ ಸಾಲುತ್ತಿರಲಿಲ್ಲ. ತೂಕದಣ್ಣನೂ ಎಲ್ಲರ ಜೊತೆ ಹಲ್ಲು ಕಡಿದ. ಅವನ ಸಿಟ್ಟು ಅಪ್ಪಟವಾಗಿತ್ತು.

"ನಮ್ಮ ಮನೆ ಅಲ್ಲಾಡೋದೇ ಇಲ್ಲ. ನಾವ್ಯಾಕೆ ಖಾಲಿ ಮಾಡ್ಬೇಕು?" ಎಂದ ಹೆಂಡತಿಗೆ.

"ನಿಮ್ಮನೆ ಏನು ಬಲೂನಾ? ಕೆಳಗಿನದು ಕೆಡವಿದ್ರೆ ಇದು ಮೇಲೆ ತೇಲ್ತಾ ಇರುತ್ತಾ?"

ಮನೆ ಹುಡುಕಲೆಂದು ಅವಳು ರಜೆ ಹಾಕಿದ್ದಳು. ಸುತ್ತಿ ಸುತ್ತಿ ಸಾಕಾಗಿ ಮಧ್ಯಾಹ್ನ ಬಂದು, ಗೋಡೆ ಪಕ್ಕದ ಮಿಷನ್ನಿಗೆ ಕೂತು ಯಾರದೋ ಕೋಟಿನ ಅಂಚು ಬಿಚ್ಚತೊಡಗಿದಳು. ತೂಕದಣ್ಣ ದುಃಖ ಮರೆಯಲು ಹಾಡು ಹಾಕಿದ. ಮಿಷನ್ನಿನ ಮೇಲೆ ತಟ್ಟೆಯಲ್ಲಿದ್ದ ಗುಂಡುಸೂಜಿಗಳು ಎದ್ದು ನಿಂತು ಕುಣಿಯತೊಡಗಿದವು. ಕತ್ತರಿ ನಡೆದುಕೊಂಡು ಹೋಗಿ ಅಂಚಿನಿಂದ ಕೆಳಗೆ ಹಾರಿತು.

ಅವಳು ಸೂಜಿ ನೋಡಿದಳು. ಪೆಟ್ಟಿಗೆ ನೋಡಿದಳು. ಕುರ್ಚಿಯ ಮೇಲೆ ಕಣ್ಣು ಮುಚ್ಚಿ, ಎದೆ ಮುಂದೆ ಮಾಡಿ ಕೂತ ಗಂಡನನ್ನು ನೋಡಿದಳು.

"ಏನ್ರೀ, ಅದನ್ನ ನಿಲ್ಸಿ."

ನಿಲ್ಲಿಸಿದ. ಸೂಜಿಗಳು ಮಲಗಿದವು.

"ಹಾಕಿ."

ಸೂಜಿಗಳು ಎದ್ದವು.

"ನಿಲ್ಸಿ."

"ಒಂದು ಹೇಳು. ಹಾಕ್ಲಾ, ನಿಲ್ಲಿಸ್ಲಾ?"

ಅವಳು ತಾನೇ ಹೋಗಿ ಗುಂಡಿ ತಿರುಗಿಸಿ, ಅವನ ರಟ್ಟೆ ಹಿಡಿದು ಕುರ್ಚಿಯಿಂದ ಎಬ್ಬಿಸಿ, ಎಳೆದು ತಂದು ಗೋಡೆಗೆ ಒರಗಿಸಿದಳು.

ಗುದ್ದಿತು.

ಎದೆಗೆ, ಹೊಟ್ಟೆಗೆ, ಬೆನ್ನುಮೂಳೆಗೆ, ಹಲ್ಲಿನ ಸಂದಿಗೆ. ತೂಕದಣ್ಣನ ಕಣ್ಣಲ್ಲಿ ನೀರು ತುಂಬಿತು. "ಇದೆ ಕಣೇ! ಬೇಸ್ ಇದೆ! ಅಯ್ಯೋ ಎಷ್ಟೊಂದು ಬೇಸ್ ಇದೆ! ಕರಿ ನಿನ್ನ ತಂಗಿ ಗಂಡನ್ನ!"

"ಇದೆ ರೀ, ಇದೆ," ಎಂದಳು ಅವಳು. "ಅದ್ರಿಂದಲೇ ಇಷ್ಟೂ ಮನೆ ಬೀದಿಗೆ ಬೀಳ್ತಾ ಇದೆ."

ಅವನ ಮುಖದ ನಗು ಹಾಗೇ ಇತ್ತು. ಇಳಿಯಲು ದಾರಿ ಗೊತ್ತಾಗದೆ ಸ್ವಲ್ಪ ಹೊತ್ತು ಅಲ್ಲೇ ಅಲೆಯಿತು. ಆಮೇಲೆ ಗೋಡೆಗೆ ಒರಗಿಕೊಂಡೇ ಕುಸಿದು ಕೂತ.

"ಹೇಳ್ಬೇಕಾ?"

"ಮತ್ತೆ? ಹವಾಲ್ದಾರ್ರು ಪೊಲೀಸಲ್ಲಿದ್ದೋರು. ಗೊತ್ತಾದ ಮೇಲೆ ಹಿಡಿಯೋದಕ್ಕಿಂತ ಮೊದಲೇ ಶರಣಾದ್ರೆ ಏಟು ಕಮ್ಮಿ."

ತೂಕದಣ್ಣನ ಒಂದು ಗುಣವನ್ನು ಒಪ್ಪಬೇಕು: ತಪ್ಪನ್ನೂ ಅವನು ಗತ್ತಿನಿಂದಲೇ ಹೇಳಬಲ್ಲ. ಎಲ್ಲರನ್ನೂ ಅಂಗಳಕ್ಕೆ ಕರೆದು, ಕೈ ಹಿಂದೆ ಕಟ್ಟಿ, "ಸಂತೋಷದ ಸುದ್ದಿ. ನಮ್ಮ ಕಟ್ಟಡ ಗಟ್ಟಿಯಾಗಿದೆ. ನಡುಗಿಸಿದ್ದು ನಾನು," ಎಂದ.

ಪೆಟ್ಟಿಗೆಯ ಕತೆಯನ್ನೂ ಹೇಳಿ ಮುಗಿಸಿದ. ಬಳಿಕ ನರ್ಸಮ್ಮ ತಮ್ಮ ಚಪ್ಪಲಿಯ ಕಡೆ ನೋಡಿಕೊಂಡರು. ಹವಾಲ್ದಾರರು ಅಡ್ಡ ಬಂದರು.

"ತಡೀರಿ ತಾಯಿ, ಆಮೇಲೆ ಹೊಡಿಯೋಣ, ಅವನೆಲ್ಲಿ ಓಡ್ತಾನೆ? ಮೊದಲು ನೋಟೀಸು ತೆಗೆಸ್ಬೇಕು. ಸಾಕ್ಷಿ ಬದುಕಿರ್ಬೇಕು."

ಅದೇ ಕಷ್ಟವಾಯಿತು. ನಗರಸಭೆಗೆ ಹೋದರೆ ಇಂಜಿನಿಯರರು ನಕ್ಕರು. "ಹಾಡಿನ ಪೆಟ್ಟಿಗೆಯಿಂದ ಕಟ್ಟಡ ನಡುಗುತ್ತಾ? ಕಟ್ಟಡ ನಡುಗುತ್ತೆ ಅಂತ ನಾನು ಬರೆದಾಯ್ತು. ಇನ್ನು ಅದು ನಡುಗಲೇಬೇಕು." ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಗಾದೆ ಹುಟ್ಟಿದ್ದೇ ಇಂಥ ಕಚೇರಿಯೊಂದರ ವರಾಂಡದಲ್ಲಿ ಇರಬೇಕು. ಹವಾಲ್ದಾರರು ಕಚೇರಿಯ ಬಾಗಿಲಲ್ಲಿ ಬೆಂಚು ಹಿಡಿದು ಕೂತರು. ಅವರ ಪಕ್ಕ ನರ್ಸಮ್ಮ. ಅವರ ಪಕ್ಕ ಇಡೀ ಕಟ್ಟಡ. ಇಂಜಿನಿಯರರು ಊಟಕ್ಕೆ ಹೊರಟರೂ ಎದ್ದು ನಿಲ್ಲುವರು, ವಾಪಸ್ಸು ಬಂದರೂ ಎದ್ದು ನಿಲ್ಲುವರು. ಇಷ್ಟು ಮರ್ಯಾದೆಯನ್ನು ತಡೆದುಕೊಳ್ಳುವ ಶಕ್ತಿ ಯಾವ ಅಧಿಕಾರಿಗೂ ಇಲ್ಲ. ಕೊನೆಗೆ, "ಆಯ್ತು, ಬರ್ತೀನಿ. ನೋಡಿ, ಇಲ್ಲ ಅಂತ ಬರೆದು, ಮುಗಿಸಿಬಿಡ್ತೀನಿ," ಎಂದರು.

ಬಂದರು. ಮಾಲೀಕನೂ ಬಂದ, ಅಳಿಯನ ಜೊತೆ ಬರುವ ಬೀಗರ ಹಾಗೆ ಪಕ್ಕಕ್ಕೇ ಅಂಟಿಕೊಂಡು. ತೂಕದಣ್ಣನ ಕೋಣೆಯಲ್ಲಿ ಜನ ಗೋಡೆಯುದ್ದಕ್ಕೂ ಒತ್ತೊತ್ತಿ ನಿಂತರು. ಅಧಿಕಾರಿ ಮನೆಗೆ ಬಂದಾಗ ಏನು ಮಾಡುತ್ತೇವೆ? ಇರುವ ಒಂದೇ ಒಳ್ಳೆಯ ಕುರ್ಚಿಯಲ್ಲಿ ಕೂರಿಸುತ್ತೇವೆ. ಹವಾಲ್ದಾರರು ಅಭ್ಯಾಸಬಲದಿಂದ ಕುರ್ಚಿಯ ಧೂಳು ಒರೆಸಿದರು, ಕಾಲ ಕೆಳಗೆ ರಜಾಯಿ ಮಡಚಿ ಹಾಸಿದರು, "ಸಾಹೇಬ್ರು ಇಲ್ಲೇ ಕೂತ್ಕೋಬೇಕು" ಎಂದರು. ಕುರ್ಚಿ ಸೀಮೆಸುಣ್ಣದ ಗುರುತಿನ ಮೇಲೇ ಇತ್ತು. ತೂಕದಣ್ಣನೂ ಅವನ ಹೆಂಡತಿಯೂ ಒಬ್ಬರ ಮುಖ ಒಬ್ಬರು ನೋಡುವಷ್ಟರಲ್ಲಿ ಇಂಜಿನಿಯರರು ಕೂತಾಗಿತ್ತು.

ಹಾಡು ಶುರುವಾಯಿತು. ಗುಂಡಿ ಪೂರ್ತಿ ತಿರುಗಿತು.

ಗೋಡೆಗಂಟಿ ನಿಂತವರ ಕೆನ್ನೆಗಳು ಅದುರಿದವು. ನರ್ಸಮ್ಮನ ಕನ್ನಡಕ ಮೂಗಿನ ತುದಿಗೆ ಜಾರಿತು. ಕೆಳಗಿನ ಮನೆಯಲ್ಲಿ ಹವಾಲ್ದಾರರ ತಟ್ಟೆಗಳು ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು. ನಡುವೆ ಇಂಜಿನಿಯರರು ಕಾಲ ಮೇಲೆ ಕಾಲು ಹಾಕಿ, ನೆಮ್ಮದಿಯಾಗಿ ತಲೆದೂಗಿದರು.

"ಹಾಡು ಚೆನ್ನಾಗಿದೆ. ಎಲ್ಲಿ ನಡುಗ್ತಿದೆ?"

"ಇ-ಇ-ಇಲ್ಲಿ ಸಾ-ಸಾರ್!" ಎಂದಿತು ಗೋಡೆಯ ಸಾಲು.

"ನನಗೇನೂ ಅನ್ನಿಸ್ತಿಲ್ಲ."

"ನಾವು ನ-ನಡುಗ್ತಿದೀವಲ್ಲ ಸಾರ್, ಕಾ-ಕಾಣಲ್ವಾ?"

"ನೀವು ಹೆದರಿ ನಡುಗ್ತಿದೀರಿ. ಅದು ಸಹಜ," ಎಂದ ಮಾಲೀಕ. ಅವನಿಗೂ ಸಾಹೇಬರ ಪಕ್ಕದಲ್ಲೇ ಸ್ಟೂಲು ಸಿಕ್ಕಿತ್ತು.

ಇಂಜಿನಿಯರರು ಹಾಳೆ ತೆಗೆದು, ಗಟ್ಟಿಯಾಗಿ ಓದಿಕೊಳ್ಳುತ್ತ ಬರೆದರು: "ಸದರಿ ಪೆಟ್ಟಿಗೆಯನ್ನು ಪೂರ್ಣ ಶಕ್ತಿಯಲ್ಲಿ ಪರೀಕ್ಷಿಸಲಾಗಿ, ಅದರಿಂದ ಯಾವುದೇ ಕಂಪನ ಉಂಟಾಗುವುದಿಲ್ಲ ಎಂದು ಖಚಿತಪಟ್ಟಿದೆ." ಸಹಿ ಹಾಕಿದರು. ಸೀಲು ಒತ್ತಿದರು.

ತೂಕದಣ್ಣನ ತಲೆಯಲ್ಲಿ ಆಗ ಮಿಂಚು ಹೊಡೆಯಿತು ಎಂದೇನಲ್ಲ. ಅವನಿಗೆ ಬರುತ್ತಿದ್ದುದು ಒಂದೇ ವಿದ್ಯೆ: ತಪ್ಪು ಜಾಗದಲ್ಲಿ ನಿಂತದ್ದನ್ನು ಸರಿಯಾದ ಜಾಗಕ್ಕೆ ಸರಿಸುವುದು.

"ಸಾರ್, ಒಂಚೂರು ಎದ್ದು ಆ ಗೋಡೆ ಹತ್ರ ಬನ್ನಿ."

"ನಾನ್ಯಾಕೆ ಏಳ್ಲಿ? ಕೂತ ಕಡೆಯಿಂದಲೇ ಎಲ್ಲಾ ಗೊತ್ತಾಗುತ್ತೆ."

"ಹಾಗಾದ್ರೆ ಏಳ್ಬೇಡಿ ಸಾರ್. ಕೂತೇ ಇರಿ." ಹವಾಲ್ದಾರರಿಗೆ ಕಣ್ಣು ಹೊಡೆದ. "ಹಿಡೀರಿ ಆ ಕಡೆ ಕಾಲು."

ಕುರ್ಚಿ ಮೇಲೆದ್ದಿತು. ಒಂದು ಕಾಲು ಹವಾಲ್ದಾರರ ಕೈಯಲ್ಲಿ, ಒಂದು ತೂಕದಣ್ಣನ ಕೈಯಲ್ಲಿ, ಒಂದು ನರ್ಸಮ್ಮನ ಕೈಯಲ್ಲಿ, ಒಂದು ಅವನ ಹೆಂಡತಿಯ ಕೈಯಲ್ಲಿ. "ಏಯ್, ಏಯ್, ಏನಿದು, ಇಳಿಸಿ!" ಎಂದು ಕೂಗುತ್ತಲೇ ಸರ್ಕಾರ ಜನರ ತಲೆಯ ಎತ್ತರದಲ್ಲಿ ತೇಲಿ ಹೋಯಿತು. ಇಳಿಸಿದರು. ಗೋಡೆಗೆ ತಾಗಿಸಿಯೇ ಇಳಿಸಿದರು. ಪದವಿಗೆ ಕುಂದಿಲ್ಲ, ಕುರ್ಚಿಯಿಂದ ಒಂದಿಂಚೂ ಎಬ್ಬಿಸಿರಲಿಲ್ಲ.

ಇಂಜಿನಿಯರರ ಜೇಬಿನ ಪೆನ್ನು ಹಾರಿತು. ಕನ್ನಡಕ ಹಾರಿತು. ಕೆಳದವಡೆ ತನ್ನಷ್ಟಕ್ಕೆ ತಾನೇ ಒಂದು ಭಾಷಣ ಶುರು ಮಾಡಿತು. "ನಿ-ನಿ-ನಿ-ನಿಲ್ಸಿ!"

ತೂಕದಣ್ಣ ನಿಲ್ಲಿಸಿದ. ಕಟ್ಟಡ ನಿಂತಿತು.

"ಹಾಕ್ಲಾ ಸಾರ್?"

"ಬೇಡ!"

ಎಲ್ಲರ ಕಣ್ಣೂ ಸಹಿ ಹಾಕಿ ಸೀಲು ಒತ್ತಿದ ಆ ಹಾಳೆಯ ಮೇಲೆ. ಹವಾಲ್ದಾರರು ಕೆಮ್ಮಿ, "ದೊಡ್ಡ ಸಾಹೇಬ್ರನ್ನ ಕರೆಸೋಣ ಸಾರ್. ಅವರನ್ನೂ ಇದೇ ಗೋಡೆ ಹತ್ರ ಕೂರ್ಸೋಣ. ನಿಮ್ಮ ಹಾಳೆ ಅವರೇ ಓದ್ಲಿ," ಎಂದರು, ಬಹಳ ವಿನಯದಿಂದ.

ಇಂಜಿನಿಯರರು ಹಾಳೆಯನ್ನು ಹರಿಯಲು ಹೋಗಿ ಕೈ ತಡೆದರು. ಬರೆದದ್ದು ಹರಿದರೆ ಸುಳ್ಳು ಬರೆದಂತೆ, ಹರಿಯದಿದ್ದರೂ ಸುಳ್ಳೇ. ತೂಕದಣ್ಣನ ಹೆಂಡತಿ ಕನ್ನಡಕ ಎತ್ತಿ, ಸೆರಗಿನಲ್ಲಿ ಒರೆಸಿ ಕೊಟ್ಟಳು.

"ಸಾರ್, ಅಳತೆ ತಪ್ಪಿದ ಕೋಟನ್ನ ನಾವು ಹರಿದು ಹಾಕಲ್ಲ. ಆಲ್ಟರ್ ಮಾಡ್ತೀವಿ. ನೀವು ಬರೆದಿದ್ದು ಯಾವುದೂ ಸುಳ್ಳಾಗೋದು ಬೇಡ. ಪೆಟ್ಟಿಗೆ ತಪ್ಪು ಇಲ್ಲ, ಸರಿ. ಕಟ್ಟಡ ನಡುಗಿತ್ತು, ಸರಿ. ಮಾಲೀಕರು ರಿಪೇರಿ ಮಾಡ್ಸಿದ್ರು, ಈಗ ನಿಂತಿದೆ, ವಾಸಕ್ಕೆ ಯೋಗ್ಯ. ಹಾಗಂತ ಕೆಳಗೆ ಒಂದು ತೇಪೆ ಹಾಕಿ."

"ಯಾವ ರಿಪೇರಿ?" ಎಂದು ಚೀರಿದ ಮಾಲೀಕ. "ನಾನೇನೂ ಮಾಡ್ಸಿಲ್ಲ!"

"ಮಾಡ್ಸಿಲ್ಲ ಅಂದ್ರೆ ಸಾಹೇಬ್ರು ಬರೆದಿದ್ದು ಸುಳ್ಳಾಗುತ್ತೆ ಸಾರ್," ಎಂದಳು ಅವಳು. "ಸುಳ್ಳಾಗ್ಬಾರ್ದು ಅಂದ್ರೆ ಮಾಡಿಸ್ಬಿಡಿ."

ಇಂಜಿನಿಯರರು ಮಾಲೀಕನ ಕಡೆ ತಿರುಗಿ ನೋಡಿದರು. ಕಾರಿನಲ್ಲಿ ಬರುವಾಗಿನ ಸ್ನೇಹ ಆ ನೋಟದಲ್ಲಿ ಎಳ್ಳಷ್ಟೂ ಇರಲಿಲ್ಲ. ಹಾವೂ ಸಾಯದ, ಕೋಲೂ ಮುರಿಯದ ದಾರಿ ಕಂಡ ಅಧಿಕಾರಿ ಹಾವಿನ ಅಭಿಪ್ರಾಯ ಕೇಳುವುದಿಲ್ಲ. ಬರೆದರು. ಬರೆಯುವ ಭರದಲ್ಲಿ, ತನ್ನನ್ನು ಈ ಕುರ್ಚಿಗೆ ಮತ್ತೆ ಕರೆಯದಿರಲಿ ಎಂಬ ಆಸೆಯಲ್ಲಿ, ಮುಂದೆ ಎಂದಾದರೂ ಕಂಪನ ಕಂಡುಬಂದಲ್ಲಿ ಅದನ್ನು ರಿಪೇರಿಯ ಲೋಪವೆಂದೇ ಪರಿಗಣಿಸಿ ಮಾಲೀಕರು ಸ್ವಂತ ಖರ್ಚಿನಲ್ಲಿ ಸರಿಪಡಿಸತಕ್ಕದ್ದು ಎಂದೂ ಸೇರಿಸಿದರು. ಸಹಿ. ಸೀಲು. ಗೇಟಿನ ನೋಟೀಸನ್ನು ಹವಾಲ್ದಾರರು ಉಗುರಿನಿಂದ ಕೆರೆದು ತೆಗೆದರು.

ನರ್ಸಮ್ಮ ಮರೆಯುವವರಲ್ಲ. ಎಲ್ಲ ಮುಗಿದ ಮೇಲೆ ತೂಕದಣ್ಣನ ಬೆನ್ನಿಗೆ ಒಂದು ಬಿಟ್ಟರು. "ಇದು ನನ್ನ ನಿದ್ದೆಗೆ," ಎಂದರು. ಅವನು ಗತ್ತಿನಿಂದಲೇ ಸ್ವೀಕರಿಸಿದ. ಇನ್ನು ಮೇಲೆ ಅವರು ಡ್ಯೂಟಿಗೆ ಹೋದ ಹೊತ್ತಿನಲ್ಲಿ ಮಾತ್ರ, ಅದೂ ಗೋಡೆಗೆ ಒರಗಿ ಕೂತು, ಸಣ್ಣಗೆ ಹಾಡು ಕೇಳಬಹುದೆಂದು ಅಂಗಳದಲ್ಲಿ ತೀರ್ಮಾನವಾಯಿತು. ಗೋಡೆ ಪಕ್ಕದಲ್ಲಿ ಸಣ್ಣಗೆ ಹಾಕಿದರೂ ಬೇಸ್ ಬೇಕಾದಷ್ಟಿತ್ತು. ಜೋರಾಗಿ ಹಾಕಬೇಕಾದರೆ ಎಲ್ಲ ಮನೆಯವರ ಒಪ್ಪಿಗೆ ಬೇಕು.

ಒಪ್ಪಿಗೆ ಬೇಗನೇ ಸಿಕ್ಕಿತು. ಮಾಲೀಕ ಟ್ಯಾಂಕಿಗೆ ಒಂದಿಷ್ಟು ಸಿಮೆಂಟು ಮೆತ್ತಿಸಿ, ಗಾರೆಯವನನ್ನು ಹೊರಡಿಸಿಕೊಂಡು ಇಳಿಯುತ್ತಿದ್ದ. ಹವಾಲ್ದಾರರು ಮೆಟ್ಟಿಲ ಬುಡದಲ್ಲಿ ನಿಂತು ಮೇಲಕ್ಕೆ ತಲೆಯೆತ್ತಿ ಒಮ್ಮೆ ಕೆಮ್ಮಿದರು. ಕಟ್ಟಡ ನಡುಗಿತು.

"ಇದು ಆ ಪೆಟ್ಟಿಗೇದೇ!" ಮಾಲೀಕ ಗೋಡೆ ಹಿಡಿದುಕೊಂಡು ಅರಚಿದ. "ನನಗೊತ್ತಿಲ್ವಾ, ಆ ಪೆಟ್ಟಿಗೇದೇ!"

"ಪೆಟ್ಟಿಗೆಯಿಂದ ಕಂಪನ ಆಗಲ್ಲ ಅಂತ ಸರ್ಕಾರವೇ ಬರೆದಿದೆಯಲ್ಲ ಸ್ವಾಮಿ," ಎಂದರು ಹವಾಲ್ದಾರರು. "ಅದು ಸುಳ್ಳು ಅಂತ ನೀವೇ ಹೋಗಿ ಸಾಹೇಬ್ರಿಗೆ ಹೇಳ್ತೀರಾ? ನಾನೂ ಜೊತೆಗೆ ಬರ್ತೀನಿ, ನಡೀರಿ."

ಮಾಲೀಕ ಆಸರೆಗೆಂದು ಮೆಟ್ಟಿಲ ಕೈಹಿಡಿ ಹಿಡಿದುಕೊಂಡ. ಅದು ಅವನ ಕೈಯಲ್ಲೇ ಕಿತ್ತು ಬಂತು. ಅದನ್ನೇ ಸ್ವಲ್ಪ ಹೊತ್ತು ನೋಡಿ, ಗೇಟಿನವರೆಗೆ ಹೋಗಿದ್ದ ಗಾರೆಯವನನ್ನು ಕೂಗಿದ.

"ಬಾರಪ್ಪ ಇಲ್ಲಿ. ಇದನ್ನೂ ಹಾಕು. ಗಟ್ಟಿಯಾಗಿ ಹಾಕು."